ಇಳಿಯದ ಹೆಜ್ಜೆ

ಆ ಮನೆಯಿಂದ ಏಳನೆಯ ಸಲ ಫೋನ್ ಬಂದಾಗ ಒಲೆಯಕ್ಕ ಹೂಂ ಅಂದುಬಿಟ್ಟಳು. ಅದಕ್ಕೆ ಮುಂಚೆ ಆರು ಸಲವೂ ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದಿದ್ದಳು. ಊರಲ್ಲಿ ಒಲೆ ರಿಪೇರಿಯವರಿಗೇನು ಬರವೇ, ಬೇರೆ ಯಾರನ್ನಾದರೂ ಕರೆಸಿಕೊಳ್ಳಿ ಎಂದಿದ್ದಳು. ಏಳನೆಯ ಸಲ ಆ ಕಡೆಯ ದನಿ ವಾದಕ್ಕೆ ಇಳಿಯಲಿಲ್ಲ.

"ನಮ್ಮಕ್ಕನಿಗೆ ಚಳಿ ತಡ್ಕೊಳೋಕೆ ಆಗ್ತಿಲ್ಲಮ್ಮ. ಆದ್ರೆ ಆ ಒಲೇನ ನಿಮ್ಮನ್ನ ಬಿಟ್ಟು ಬೇರೆಯವರು ಮುಟ್ಟೋದು ಬೇಡ. ಬನ್ನಿ ಅಂತ ಕೇಳ್ತಿದೀನಿ, ಅಷ್ಟೆ."

ಇದೆಂಥ ಹಟ ಎಂದು ಅವಳಿಗೆ ಮೈ ಉರಿಯಿತು. ಹಟದಲ್ಲಿ ಅವಳೇನೂ ಕಡಿಮೆಯವಳಲ್ಲ. ಎರಡು ವರ್ಷದಿಂದ ಆ ಬೀದಿಗೆ ಕಾಲಿಟ್ಟಿರಲಿಲ್ಲ, ಆ ಕಡೆ ಹೋಗಬೇಕಾದಾಗ ಸುತ್ತು ದಾರಿ ಹಿಡಿಯುತ್ತಿದ್ದಳು. ಆ ಮನೆಯ ಛಾವಣಿಯಿಂದ ಬಿದ್ದೇ ಅವಳ ಗಂಡ ಸತ್ತಿದ್ದ.

ಅವನೂ ಇದೇ ಕಸುಬಿನವನು. ಪೆಲೆಟ್ ಒಲೆಗಳನ್ನು ಮಾರುವ ಕಂಪನಿಯೊಂದರಲ್ಲಿ ಮೆಕ್ಯಾನಿಕ್ಕಾಗಿದ್ದ. ಜೊತೆಯವರು ಅವನನ್ನು 'ಎರಡ್ಸಲ' ಎಂದು ಕರೆಯುತ್ತಿದ್ದರು. ಪ್ರತಿ ಸ್ಕ್ರೂವನ್ನೂ ಎರಡು ಸಲ ಬಿಗಿಮಾಡುವವನು, ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನ ತನಕ ಹೋದವನು ವಾಪಸು ಬಂದು ಎಳೆದು ನೋಡುವವನು. ಮದುವೆಯ ಹೊಸದರಲ್ಲಿ ಅವಳು, "ನನ್ನನ್ನ ಕಟ್ಕೊಳೋವಾಗ್ಲೂ ಎರಡು ಸಲ ನೋಡಿದ್ರಾ?" ಎಂದು ರೇಗಿಸಿದ್ದಳು. "ಮೂರು ಸಲ" ಎಂದಿದ್ದ ಅವನು, ನಗದೆ.

ಪೆಲೆಟ್ ಒಲೆ ಎಂದರೆ ಕಟ್ಟಿಗೆ ತುರುಕಿ ಊದುವ ಒಲೆಯಲ್ಲ. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಸಣ್ಣ ಗುಳಿಗೆಗಳೇ ಅದರ ಊಟ. ಅವನ್ನು ಮೇಲಿನ ತೊಟ್ಟಿಗೆ ಸುರಿದು ಗುಂಡಿ ಒತ್ತಿದರೆ, ಒಳಗಿನ ತಿರುಪು ಸುತ್ತುತ್ತ ಗುಳಿಗೆಗಳನ್ನು ಕಬ್ಬಿಣದ ಬಟ್ಟಲಿಗೆ ಬೀಳಿಸುತ್ತದೆ. ಬಟ್ಟಲ ಹಿಂದಿನ ಕಡ್ಡಿ ಕರೆಂಟಿನಿಂದ ಕೆಂಪಗೆ ಕಾದು ಬೆಂಕಿ ಹೊತ್ತಿಸುತ್ತದೆ. ಫ್ಯಾನು ಹೊಗೆಯನ್ನು ಕೊಳವೆಯ ಮೂಲಕ ಛಾವಣಿಯಾಚೆ ತಳ್ಳುತ್ತದೆ. ಎಲ್ಲ ಕರೆಂಟಿನ ಕಾರುಬಾರು. ಅದಕ್ಕೇ ಎರಡ್ಸಲ ಕೊಳವೆ ಉಜ್ಜಲು ಛಾವಣಿ ಹತ್ತುವ ಮುಂಚೆ ಒಲೆಯ ಬೆನ್ನಿನಲ್ಲಿರುವ ಫ್ಯೂಸನ್ನು ಬಿಚ್ಚುತ್ತಿದ್ದ. ಕಿರುಬೆರಳ ಗೆಣ್ಣಿನಷ್ಟಿರುವ ಗಾಜಿನ ನಳಿಗೆ ಅದು. ಬರೀ ಪ್ಲಗ್ ಕಿತ್ತರೆ ಯಾರಾದರೂ ತಿರುಗಿ ಚುಚ್ಚಿಬಿಡಬಹುದು. ಫ್ಯೂಸ್ ತನ್ನ ಬಳಿಯಿದ್ದರೆ ಯಾರು ಏನು ಒತ್ತಿದರೂ ಹೊಗೆ ತನ್ನ ಮುಖಕ್ಕೆ ನುಗ್ಗುವಂತಿಲ್ಲ. ಅದನ್ನು ಅಂಗಿಯ ಜೇಬಿಗೆ ಹಾಕಿ, ಜೇಬನ್ನು ಎರಡು ಸಲ ತಟ್ಟಿ, ಆಮೇಲೆ ಏಣಿಗೆ ಕಾಲಿಡುತ್ತಿದ್ದ.

ಆ ದಿನ ಹೊಗೆ ನುಗ್ಗಿತ್ತು. ಅಕ್ಕಪಕ್ಕದವರು ಓಡಿಬಂದಾಗ ಒಲೆ ಉರಿಯುತ್ತಿತ್ತು, ಹಸಿರು ದೀಪ ಬೆಳಗುತ್ತಿತ್ತು. ಆಸ್ಪತ್ರೆಯವರು ಅವನ ಜೇಬಿನಲ್ಲಿದ್ದುದನ್ನು ಒಂದು ಪುಟ್ಟ ಚೀಲಕ್ಕೆ ಹಾಕಿ ಅವಳ ಕೈಗೆ ಕೊಟ್ಟರು. ಗಡಿಯಾರ, ಬೀಗದ ಕೈ, ಬಾಚಣಿಗೆ, ಕರ್ಚೀಫು. ಫ್ಯೂಸ್ ಇರಲಿಲ್ಲ. ಅವಳೂ ಎರಡು ಸಲ ಹುಡುಕಿದಳು. ಬಟ್ಟೆಬರೆಯನ್ನು ಅತ್ತೆ ಒಯ್ದರು, ಒಗೆದರು, ಎಲ್ಲಿಟ್ಟರೋ ಅವಳು ಕೇಳಲಿಲ್ಲ. ತಿಂಗಳ ಮೇಲೆ ಕಂಪನಿಯಿಂದ ಕಾಗದ ಬಂತು: ಫ್ಯೂಸ್ ತೆಗೆಯದೆ ಛಾವಣಿ ಹತ್ತಿದ್ದು ಕೆಲಸಗಾರನದೇ ಅಜಾಗರೂಕತೆ.

"ನನ್ನ ಮಗ ಮರೆಯೋನಲ್ಲ" ಎಂದರು ಅತ್ತೆ.

"ಮರೆತ್ರು! ಜನ್ಮದಲ್ಲಿ ಒಂದೇ ಒಂದು ಸಲ ಮರೆತ್ರು, ನಮ್ಮನ್ನ ನಡುನೀರಲ್ಲಿ ಬಿಟ್ಟು ಹೋದ್ರು! ಇದರಲ್ಲಿ ಬರೆದಿದೆಯಲ್ಲ, ಕಾಣಲ್ವಾ ನಿಮ್ಗೆ?" ಎಂದು ಅವಳು ಕಾಗದವನ್ನು ಅತ್ತೆಯ ಮುಖಕ್ಕೇ ಹಿಡಿದಿದ್ದಳು.

ಅವತ್ತಿನಿಂದ ಒಂದೇ ಸೂರಿನಡಿ ಅತ್ತೆ ಸೊಸೆಗೆ ಉಪ್ಪು ಮುಗಿದಿದೆ, ಬಾಗಿಲು ಹಾಕಿಕೊಳ್ಳಿ ಎಂಬಷ್ಟೇ ಮಾತು. ಅವಳು ಗಂಡನ ಸಲಕರಣೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವನ ಕೆಲಸವನ್ನೇ ಹಿಡಿದಳು. ಮುಂಚೆ ಅವನ ಜೊತೆ ಎಷ್ಟೋ ಮನೆಗಳಿಗೆ ಹೋಗಿ ಕೈಜೋಡಿಸಿದ್ದಳು, ಕೆಲಸ ಗೊತ್ತಿತ್ತು. ಜನ ಒಲೆಯಕ್ಕ ಎನ್ನತೊಡಗಿದರು. ಗಂಡನ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಬಲು ಕಷ್ಟದ ಕೆಲಸ, ಅವರು ತಿರುಗಿ ಬೈಯುವುದಿಲ್ಲ. ಆದರೂ ಅವಳು ದಿನಾ ಮಲಗುವ ಮುಂಚೆ ಅವನ ಫೋಟೋದ ಮುಂದೆ ನಿಂತು ಬೈಯುತ್ತಿದ್ದಳು. ಎಲ್ಲವನ್ನೂ ಎರಡು ಸಲ ನೋಡುವ ಮಹಾನುಭಾವ, ಅದನ್ನೊಂದು ಸಲ ನೋಡೋಕಾಗಲಿಲ್ವಾ ಎಂದು.

ಮಧ್ಯಾಹ್ನ ಎರಡು ಗಂಟೆಗೆ ಆ ಮನೆಯ ಗೇಟು ತೆರೆದಾಗ ಅವಳು ತಲೆಯೆತ್ತಿ ಛಾವಣಿ ನೋಡಲಿಲ್ಲ. ಹುಲ್ಲಿನ ಮೇಲೆ ಬೆಳಗಿನ ಇಬ್ಬನಿ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಬಾಗಿಲು ತೆರೆದವರು ಬೀದಿಯವರೆಲ್ಲ 'ನಕ್ಷೆಯವರು' ಎನ್ನುವ ಮುದುಕರು. ನೌಕರಿಯಲ್ಲಿದ್ದಷ್ಟು ಕಾಲ ಸೇತುವೆ ಕಟ್ಟಡಗಳ ನಕ್ಷೆ ಬರೆದವರು. ನಿವೃತ್ತರಾದ ಮೇಲೂ ಕಿಟಕಿಯ ಬಳಿ ಓರೆ ಮೇಜು, ಅಡಿಕೋಲು, ಗಾಜಿನ ಲೋಟದಲ್ಲಿ ಬಣ್ಣಬಣ್ಣದ ಪೆನ್ಸಿಲ್ಲುಗಳು ಹಾಗೇ ಇದ್ದವು. ಪೆನ್ಸಿಲ್ಲುಗಳ ಮೊನೆಗಳೆಲ್ಲ ಸೂಜಿಯಂತಿದ್ದವು. ಒಲೆಯ ಮುಂದಿನ ಕುರ್ಚಿಯಲ್ಲಿ, ಮೂರು ಕಂಬಳಿಗಳ ಒಳಗೆ, ಅವರ ಅಕ್ಕ ಕೂತಿದ್ದರು. ಕಂಬಳಿಯಿಂದ ಮುಖವೊಂದೇ ಹೊರಗಿತ್ತು, ಅದರ ಮೇಲೆ ಕಿವಿ ಮುಚ್ಚುವ ಟೋಪಿ.

"ಬಾಮ್ಮ, ಬಾ" ಎಂದರು ಅಕ್ಕ. "ಇವನು ನನಗೆ ಕಂಬಳಿ ಹೊದಿಸಿ ಹೊದಿಸಿ ಮೂಟೆ ಮಾಡಿಬಿಟ್ಟಿದಾನೆ. ಇನ್ನೊಂದು ಹೊದಿಸಿದ್ರೆ ಹಗ್ಗ ಕಟ್ಟಿ ಲಾರಿಗೇ ಹಾಕಬಹುದು."

ಒಲೆಯಕ್ಕನಿಗೆ ನಗು ಬಂತು. ಈ ಮನೆಯಲ್ಲಿ ನಗು ಬರಬಹುದೆಂದು ಅವಳು ಅಂದುಕೊಂಡಿರಲಿಲ್ಲ. ತಮ್ಮ ನಗಲಿಲ್ಲ. ಅವರು ಗೋಡೆಗೆ ಬೆನ್ನು ಹಚ್ಚಿ ನಿಂತು ಅವಳ ಕೈಗಳನ್ನೇ ನೋಡುತ್ತಿದ್ದರು.

"ಏನಾಗ್ತಿದೆ ಹೇಳಿ" ಎಂದಳು ಚೀಲ ಬಿಚ್ಚುತ್ತ.

"ಹೊತ್ಕೊಳೋಕೆ ಸತಾಯಿಸುತ್ತೆ" ಎಂದರು ಅಕ್ಕ. "ಮೊದಮೊದಲು ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಹೊತ್ಕೊಳ್ತಿತ್ತು. ಈ ಚಳಿಗಾಲದಲ್ಲಿ ಹತ್ತು ಸಲ ಒತ್ತಿದ್ರೆ ಒಂದು ಸಲ. ಈಗ ವಾರದಿಂದ ಅದೂ ಇಲ್ಲ. ಹೊತ್ಕೊಳಲ್ಲ, ಆದ್ರೆ ಮೇಲೆ ಹತ್ತೋ ಸದ್ದು ಮಾತ್ರ ಬರುತ್ತೆ."

"ಯಾರು ಹತ್ತೋ ಸದ್ದು?"

"ಅಕ್ಕಾ" ಎಂದರು ತಮ್ಮ.

"ನೀನು ಸುಮ್ನಿರೋ. ಅವಳೇ ಕೇಳಲಿ."

ಅವಳು ಗುಂಡಿ ಒತ್ತಿದಳು. ಹಸಿರು ದೀಪ ಬಂತು. ತಿರುಪು ಗುರುಗುಟ್ಟಿತು, ಗುಳಿಗೆಗಳು ಟಪಟಪ ಬಟ್ಟಲಿಗೆ ಬಿದ್ದವು. ಕಡ್ಡಿ ಕೆಂಪೇರಿ, ಹೊಗೆಯ ಒಂದು ಎಳೆ ಎದ್ದಿತು. ಈಗ ಹೊತ್ತಿತು, ಈಗ ಹೊತ್ತಿತು ಎನ್ನುವಷ್ಟರಲ್ಲಿ ದೀಪ ಮಿಣುಕಿ ಆರಿತು. ಎಲ್ಲ ನಿಂತುಹೋಯಿತು. ಒಂದೆರಡು ಕ್ಷಣಕ್ಕೆ ದೀಪ ತಾನಾಗಿ ಮತ್ತೆ ಬಂತು, ಏನೂ ಆಗಿಯೇ ಇಲ್ಲವೆಂಬಂತೆ. ಆಗ ಗೋಡೆಯೊಳಗಿನ ಕೊಳವೆಯಲ್ಲಿ ಟಕ್ ಎಂದಿತು. ಸ್ವಲ್ಪ ಬಿಟ್ಟು, ಅದಕ್ಕಿಂತ ಮೇಲೆ, ಟಕ್. ಮತ್ತೂ ಮೇಲೆ, ಸೂರಿನ ಹತ್ತಿರ, ಟಕ್. ಭಾರದ ಮನುಷ್ಯನೊಬ್ಬ ಏಣಿಯ ಮೆಟ್ಟಿಲನ್ನು ನೋಡಿ ನೋಡಿ ಕಾಲಿಟ್ಟಂತಿತ್ತು.

"ಅದು ತಗಡು ದೊಡ್ಡಮ್ಮ" ಎಂದಳು, ತನಗೇ ಹೇಳಿಕೊಂಡಂತೆ. "ಬಿಸಿ ತಾಗಿದ್ರೆ ಹಿಗ್ಗುತ್ತೆ, ಹಿಗ್ಗುವಾಗ ಸದ್ದು ಮಾಡುತ್ತೆ. ಎಲ್ಲಾರ ಮನೇಲೂ ಮಾಡುತ್ತೆ."

"ಇರಬಹುದು. ಹಾಗಾದ್ರೆ ಆರಿದಾಗ ಕುಗ್ಗಬೇಕಲ್ಲ? ಇಳಿಯೋ ಸದ್ದು ಯಾಕೆ ಬರಲ್ಲ? ಎರಡು ವರ್ಷದಿಂದ ಇಲ್ಲೇ ಕೂತು ಕೇಳಿದೀನಿ. ಹತ್ತುತ್ತೆ ಹತ್ತುತ್ತೆ, ಒಂದು ದಿನಾನೂ ಇಳಿದಿಲ್ಲ."

ಉತ್ತರವಿಲ್ಲದಾಗ ಕೈಗೆ ಕೆಲಸ ಕೊಡುವುದು ಅವಳ ಅಭ್ಯಾಸ. ತೊಟ್ಟಿಯಿಂದ ಒಂದು ಹಿಡಿ ಗುಳಿಗೆ ತೆಗೆದು ಮುರಿದು ನೋಡಿದಳು. ಪಟ್ಟೆಂದು ಮುರಿದವು, ತೇವವಿರಲಿಲ್ಲ. ಬಟ್ಟಲು ಹೊರತೆಗೆದಳು, ತಳದ ತೂತುಗಳಲ್ಲಿ ಅರ್ಧಕ್ಕೆ ಬೂದಿ ಕರಗಿ ಕಲ್ಲಾಗಿತ್ತು. ಗಾಳಿ ಸಿಗದೆ ಹೊತ್ತುತ್ತಿಲ್ಲ, ಇಷ್ಟೇ ಇರಬೇಕು ಎಂದು ಮನಸ್ಸು ಹಗುರವಾಯಿತು. ಒಂದೊಂದೇ ತೂತನ್ನು ಮೊಳೆಯಿಂದ ಕೊರೆದು, ಬ್ರಷ್ಷಿನಿಂದ ಉಜ್ಜಿ, ಬಟ್ಟಲನ್ನು ಕೂರಿಸಿ ಗುಂಡಿ ಒತ್ತಿದಳು. ಗುಳಿಗೆ ಬಿದ್ದವು, ಕಡ್ಡಿ ಕೆಂಪಾಯಿತು, ದೀಪ ಆರಿತು. ಗೋಡೆಯೊಳಗೆ ಅದು ಮತ್ತೆ ಏಣಿ ಹತ್ತಿತು.

ಒಲೆಯ ಗಾಜಿನ ಬಾಗಿಲ ಅಂಚಿನ ಹುರಿ ಸವೆದಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ. ಒಂದು ಚೀಟಿಯನ್ನು ಸಂದಿಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಳು. ಚೀಟಿ ಹರಿಯಿತೇ ಹೊರತು ಜಾರಲಿಲ್ಲ. ಫ್ಯಾನಿನ ರೆಕ್ಕೆಗಳ ಮಸಿ ತೆಗೆದಳು. ಕಡ್ಡಿಗೆ ಮೀಟರ್ ಹಚ್ಚಿದಳು, ಮುಳ್ಳು ಇರಬೇಕಾದಲ್ಲಿಗೇ ಹೋಗಿ ನಿಂತಿತು. ಒಂದೊಂದು ಆದ ಮೇಲೂ ಗುಂಡಿ ಒತ್ತುವುದು, ದೀಪ ಆರುವುದು, ಗೋಡೆಯೊಳಗೆ ಆ ಹೆಜ್ಜೆ. ಪ್ರತಿ ಸಲವೂ ಅಕ್ಕ ಕಣ್ಣೆತ್ತಿ ಸೂರನ್ನು ನೋಡುತ್ತಿದ್ದರು, ತಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಫ್ಯೂಸಿನ ಗೋಜಿಗೆ ಅವಳು ಹೋಗಲಿಲ್ಲ. ದೀಪ ಬರುತ್ತದೆ ಎಂದಮೇಲೆ ಫ್ಯೂಸ್ ಸರಿಯಿದೆ, ಈ ಕಸುಬಿನವರು ಕಲಿಯುವ ಮೊದಲ ಪಾಠವೇ ಅದು. ಸರಿಯಿರುವುದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಉಳಿದದ್ದು ಕೊಳವೆಯೊಂದೇ. ಮೇಲ್ತುದಿಯಲ್ಲಿ ಹಕ್ಕಿ ಗೂಡು ಕಟ್ಟಿರಬಹುದು, ಮಸಿ ಕಟ್ಟಿರಬಹುದು. ಮೇಲೆ ಹೋಗದೆ ತಿಳಿಯುವಂತಿರಲಿಲ್ಲ.

"ಕೊಳವೆ ನೋಡ್ಬೇಕು" ಎಂದಳು. "ಏಣಿ ಇದೆಯಾ?"

"ಹಿಂದುಗಡೆ ಇದೆ. ಅದೇ ಏಣಿ" ಎಂದರು ನಕ್ಷೆಯವರು. ಆಮೇಲೆ, "ಮೇಲೆ ಹೋಗೋ ಮುಂಚೆ ನೀವೂ ಫ್ಯೂಸ್ ತೆಗೀತೀರಾ?" ಎಂದು ಕೇಳಿದರು.

ಗಾಯದ ಮೇಲೆ ಬರೆ ಎಳೆದಂತಾಯಿತು ಅವಳಿಗೆ. ಇವರಿಗೂ ಗೊತ್ತು. ಬೀದಿಗೆಲ್ಲ ಗೊತ್ತು, ನನ್ನ ಗಂಡ ಮರೆತ ಎಂದು.

"ತೆಗೀತೀನಿ ಸರ್" ಎಂದಳು ಬಿಗಿಯಾಗಿ. "ನಾನು ಮರೆಯೋಳಲ್ಲ."

ಪ್ಲಗ್ ಕಿತ್ತಳು. ಒಲೆಯ ಹಿಂದೆ ಮಂಡಿಯೂರಿ ಬೆನ್ನಿನ ತಗಡು ಬಿಚ್ಚಿದಳು. ಫ್ಯೂಸಿನ ಮುಚ್ಚಳವನ್ನು ಎಡಕ್ಕೆ ತಿರುಗಿಸಿ, ಗಾಜಿನ ನಳಿಗೆ ಅಂಗೈಗೆ ಬೀಳಲೆಂದು ಕೈಯೊಡ್ಡಿದಳು. ಬಿದ್ದದ್ದು ಗಾಜಲ್ಲ. ಅಡುಗೆಮನೆಯಲ್ಲಿ ತಿಂಡಿ ಸುತ್ತಿಡುವ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಒಂದು ತುಂಡು. ಒಂದು ತುದಿ ಸುಟ್ಟು ಕಪ್ಪಾಗಿ ಹಾಳೆ ತೂತಾಗಿತ್ತು.

ದೀಪ ಬೆಳಗುವಷ್ಟು ಕರೆಂಟು ಆ ಹಾಳೆಯಲ್ಲಿ ಹರಿಯುತ್ತಿತ್ತು. ಕಡ್ಡಿ ಕಾಯಲು ಹೊರಟಾಗ ಸುಟ್ಟ ತುದಿ ಕೈಕೊಡುತ್ತಿತ್ತು. ಒಲೆಯ ರೋಗ ಅದೇ. ಮೆಕ್ಯಾನಿಕ್ಕಿನ ತಲೆ ಇಷ್ಟನ್ನು ತಾನಾಗಿ ಲೆಕ್ಕ ಹಾಕಿ ಮುಗಿಸಿದ ಮೇಲೇ ಹೆಂಡತಿಯ ತಲೆ ಓಡಿದ್ದು. ಹಾಳೆ ಸುತ್ತಿ ಇಡಬೇಕಾದರೆ ಫ್ಯೂಸಿನ ಜಾಗ ಖಾಲಿ ಇರಬೇಕು. ಖಾಲಿ ಇರಬೇಕಾದರೆ ಯಾರೋ ಫ್ಯೂಸ್ ತೆಗೆದಿರಬೇಕು.

ಹಾಳೆ ಬಿಡಿಸಿದಳು. ಒಳಗೆ ಪೆನ್ಸಿಲ್ಲಿನ ತುಂಡು. ಅಳತೆ ಹಿಡಿದು, ಸುತ್ತಲೂ ಒಂದೇ ಸಮ ಕೆತ್ತಿ, ನಳಿಗೆಯಷ್ಟೇ ಉದ್ದಕ್ಕೆ ಕತ್ತರಿಸಿದ ತುಂಡು. ನಡುವೆ ಹಸಿರು ಸೀಸ. ಅಷ್ಟು ನೀಟಾಗಿ ಕೆತ್ತುವ ಕೈ ಆ ಮನೆಯಲ್ಲಿ ಒಂದೇ ಇತ್ತು.

ಅವಳು ಎದ್ದು ನಿಂತಳು. ಅಂಗೈಯನ್ನು ಅವರ ಮುಂದೆ ಚಾಚಿದಳು.

ನಕ್ಷೆಯವರು ಅದನ್ನು ನೋಡಿ ತಲೆಯಾಡಿಸಿದರು, ತಾವು ಕಾದು ಕೂತಿದ್ದ ನೆಂಟರು ಕೊನೆಗೂ ಬಂದರೆಂಬಂತೆ. "ನಾನೇ" ಎಂದರು. "ನಾನೇ ಇಟ್ಟಿದ್ದು."

"ಏನೋ ಅದು?" ಎಂದರು ಅಕ್ಕ.

"ಆವತ್ತು ನಿನಗೆ ಜ್ವರ ಅಕ್ಕ. ಹಲ್ಲು ಕಟಕಟ ಅಂತಿತ್ತು. ಅವರು ಹೇಳಿಹೋಗಿದ್ರು, ನಾನು ಕೆಳಗಿಳಿದು ಬಂದು ಹೇಳೋ ತನಕ ಒಲೆ ಮುಟ್ಟಬೇಡಿ ಅಂತ. ಎರಡು ಸಲ ಹೇಳಿದ್ರು. ಮುಕ್ಕಾಲು ಗಂಟೆ ಆಯ್ತು. ಮೇಲೆ ಸದ್ದೇ ಇಲ್ಲ. ಹೊರಗೆ ಬೀದೀಲಿ ಯಾವುದೋ ಗಾಡಿ ಬಾಗಿಲು ಹಾಕಿದ ಸದ್ದು ಕೇಳ್ತು. ಇಳಿದು ಹೋಗಿರಬೇಕು, ನಮಗೆ ಹೇಳೋದು ಮರೆತಿರಬೇಕು ಅಂದ್ಕೊಂಡೆ. ಹೊರಗೆ ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆ. ಹೋಗಲಿಲ್ಲ. ಗುಂಡಿ ಒತ್ತಿದೆ, ದೀಪ ಬರಲಿಲ್ಲ. ಹಿಂದೆ ಬಿಚ್ಚಿ ನೋಡಿದ್ರೆ ಫ್ಯೂಸಿಲ್ಲ. ಇದನ್ನೂ ಮರೆತಿದಾರೆ ಅಂದ್ಕೊಂಡು..." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಕೆತ್ತಿ ಇಟ್ಟೆ. ಒಂದೇ ಸಲಕ್ಕೆ ಹೊತ್ಕೊಂಡಿತು. ನಾನು ಎಂಥ ಜಾಣ ಅಂತ ನಿನ್ನ ಕಡೆ ತಿರುಗಿ ನಗೋಷ್ಟರಲ್ಲಿ ಹೊರಗೆ ಆ ಸದ್ದಾಯ್ತು."

"ಕಂಪನಿಯವರು ಕೇಳಿದಾಗ ಏನು ಹೇಳಿದ್ರಿ?" ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು.

"ಒಲೆ ನಾನು ಮುಟ್ಟಿಲ್ಲ ಅಂದೆ. ಅವರು ದೀಪ ನೋಡಿದ್ರು, ಫ್ಯೂಸ್ ಒಳಗೇ ಇದೆ ಅಂತ ಬರ್ಕೊಂಡ್ರು. ಯಾರೂ ಬಿಚ್ಚಿ ನೋಡಲಿಲ್ಲ. ಅವರು ಹೋದ ಮೇಲೆ ಈ ತುಂಡನ್ನ ತೆಗೆದು ಬಿಸಾಕಬೇಕು ಅಂತ ಎಷ್ಟು ಸಲ ಹಿಂದೆ ಹೋಗಿ ಕೂತಿದೀನೋ. ತೆಗೆದುಬಿಟ್ಟಿದ್ರೆ ಸುಳ್ಳು ಪೂರ್ತಿ ಆಗ್ಬಿಡ್ತಿತ್ತು. ಹಾಗೇ ಬಿಟ್ಟೆ. ಬಾಯಿ ಬಿಟ್ಟು ಹೇಳೋ ಧೈರ್ಯಾನೂ ಬರಲಿಲ್ಲ. ಬೇರೆ ಮೆಕ್ಯಾನಿಕ್ ಬಂದಿದ್ರೆ ನಕ್ಕು, ಇದನ್ನ ಎಸೆದು, ಹೊಸ ಫ್ಯೂಸ್ ಹಾಕಿ ಹೋಗ್ತಿದ್ದ. ಅದಕ್ಕೇ ನೀವೇ ಬರಲಿ ಅಂತ ಕಾದೆ."

ಅವಳಿಗೆ ಆ ಮುದುಕರನ್ನು ಹಿಡಿದು ಅಲುಗಾಡಿಸಬೇಕೆನ್ನಿಸಿತು. ಎರಡು ವರ್ಷ! ಎರಡು ವರ್ಷ ಇವರ ಹೇಡಿತನವನ್ನು ತಾನು ಗಂಡನ ತಲೆಗೆ ಕಟ್ಟಿ ಅವನ ಫೋಟೋಗೆ ಬೈದಿದ್ದಳು. ಅತ್ತೆಯ ಮುಖಕ್ಕೆ ಕಾಗದ ಹಿಡಿದಿದ್ದಳು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅದನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ. ನಕ್ಷೆಯವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

ಅಕ್ಕ ಮಾತ್ರ ಕಂಬಳಿಯಿಂದ ಕೈ ಹೊರಗೆ ತೆಗೆದು ಹಣೆ ಹಿಡಿದುಕೊಂಡಿದ್ದರು. "ನಾನು ಚಳಿ ಚಳಿ ಅಂದಿದ್ದಕ್ಕೆ" ಎಂದರು ಸಣ್ಣಗೆ. "ಎರಡು ವರ್ಷ ನನ್ನ ಪಕ್ಕ ಕೂತು ಆ ಸದ್ದು ಕೇಳಿದ್ಯಲ್ಲೋ. ಯಾರದು ಅಂತ ನಾನು ಕೇಳಿದಾಗೆಲ್ಲ ಗಾಳಿ ಅಂದ್ಯಲ್ಲೋ."

ಆಗ ಅದು ಕೇಳಿಸಿತು.

ಪ್ಲಗ್ ಕಿತ್ತಾಗಿತ್ತು. ಫ್ಯೂಸಿನ ಜಾಗ ಖಾಲಿಯಿತ್ತು. ಒಲೆಯ ಹೊಟ್ಟೆ ಆಗಲೇ ತಣ್ಣಗಾಗಿತ್ತು, ಬೈದು ಸುಸ್ತಾಗಿ ಅವಳು ಊರಿದ್ದ ಕೈ ಅದರ ಮೇಲೇ ಇತ್ತು. ಸೂರಿನ ಹತ್ತಿರ, ಕೊಳವೆಯ ತುತ್ತತುದಿಯಲ್ಲಿ, ಟಕ್. ಸ್ವಲ್ಪ ತಡೆದು, ಅದಕ್ಕಿಂತ ಕೆಳಗೆ, ಟಕ್. ಭಾರದ ಹೆಜ್ಜೆ, ಪ್ರತಿ ಮೆಟ್ಟಿಲನ್ನೂ ನೋಡಿಕೊಂಡು. ಗೋಡೆಯ ನಡುವಿಗೆ ಬಂತು. ಅವಳ ಭುಜದ ಎತ್ತರಕ್ಕೆ ಬಂತು. ಕೊನೆಯ ಸದ್ದು ಅವಳ ಅಂಗೈಯ ಕೆಳಗೇ ಆಯಿತು, ತಗಡು ಒಮ್ಮೆ ಮೆಲ್ಲಗೆ ಅದುರಿತು. ಆಮೇಲೆ ಏನೂ ಇಲ್ಲ.

"ಇಳಿದ" ಎಂದರು ಅಕ್ಕ.

ಒಲೆಯಕ್ಕನಿಗೆ ಅಳು ಒತ್ತಿಕೊಂಡು ಬಂತು. ಅತ್ತಳು, ಸಲಕರಣೆ ಚೀಲವನ್ನು ಎದೆಗೆ ಅವಚಿಕೊಂಡು, ಅಪರಿಚಿತರ ಮನೆಯಲ್ಲಿ ನಿಂತೇ ಅತ್ತಳು. ಅತ್ತು ಮುಗಿದ ಮೇಲೆ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದಳು. ಇವರು ಚಳಿಯಲ್ಲೇ ಕೂತಿರಲಿ, ತನಗೇನು. ಹೊಸ್ತಿಲಲ್ಲಿ ತಿರುಗಿ ನೋಡಿದರೆ ಕಂಬಳಿಯೊಳಗಿನ ಮುದುಕಿ ನಡುಗುತ್ತಿದ್ದರು, ಚಳಿಗೋ ಬೇರೆ ಯಾತಕ್ಕೋ. ಒಲೆಯಕ್ಕ ತನ್ನನ್ನು ತಾನೇ ಬೈದುಕೊಂಡು ವಾಪಸು ಬಂದಳು. ಚೀಲದಿಂದ ಹೊಸ ಫ್ಯೂಸ್ ತೆಗೆದು ಕೂರಿಸಿದಳು, ಮುಚ್ಚಳ ತಿರುಗಿಸಿದಳು, ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ನೋಡಿದಳು. ಪ್ಲಗ್ ಚುಚ್ಚಿ ಗುಂಡಿ ಒತ್ತಿದಾಗ ಬೆಂಕಿ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕೊಳವೆಯಿಂದ ಸದ್ದೇ ಬರಲಿಲ್ಲ.

"ಸರ್, ಕೂತ್ಕೊಳ್ಳಿ" ಎಂದಳು. "ಈಗ ಹೇಳಿದ್ದನ್ನೆಲ್ಲ ಬರೀರಿ. ಕಂಪನಿಗೆ. ಒಂದಕ್ಷರ ಬಿಡಬಾರದು."

ನಕ್ಷೆಯವರು ಓರೆ ಮೇಜಿನ ಮುಂದೆ ಕೂತು, ನಕ್ಷೆಗಳಿಗೆ ಬರೆಯುತ್ತಿದ್ದ ಅಚ್ಚಿನಂಥ ಅಕ್ಷರಗಳಲ್ಲಿ ಬರೆದರು. ಎಲ್ಲೂ ಅಳಿಸಲಿಲ್ಲ, ಎಲ್ಲೂ ತಮ್ಮ ಪರವಾಗಿ ಒಂದು ಮಾತು ಸೇರಿಸಲಿಲ್ಲ. ಸಹಿ ಹಾಕಿ ಕೊಟ್ಟರು. ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದವರು ಅವಳ ಮುಖ ನೋಡಿ ಸುಮ್ಮನಾದರು. ಅವಳು ಕ್ಷಮಿಸಲು ತಯಾರಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಕಿಟಕಿಯ ಬಳಿ ಕೂತು ಕಾಲುಚೀಲದ ತೂತಿಗೆ ಎಳೆ ಹಾಕುತ್ತಿದ್ದರು. ಪಕ್ಕದಲ್ಲಿ ಅವರ ಗುಂಡಿ ಡಬ್ಬಿ, ಹಳೆಯ ಬಿಸ್ಕತ್ತಿನದು. ಒಲೆಯಕ್ಕ ಚಪ್ಪಲಿ ಬಿಡುವುದನ್ನೂ ಮರೆತು ಅವರ ಮುಂದೆ ನೆಲದ ಮೇಲೆ ಕೂತಳು.

"ಅತ್ತೆ, ಅವರು ಮರೆತಿರಲಿಲ್ಲ."

ಅತ್ತೆಯ ಸೂಜಿ ನಿಂತಿತು. ಅವಳು ಎಲ್ಲ ಹೇಳಿದಳು. ಬೆಳ್ಳಿ ಹಾಳೆ, ಪೆನ್ಸಿಲ್ಲಿನ ತುಂಡು, ಜ್ವರ, ಬೀದಿಯ ಗಾಡಿ. ಗೋಡೆಯ ಸದ್ದನ್ನೂ ಹೇಳಿದಳು. "ಫ್ಯೂಸ್ ತೆಗೆದಿದ್ರು ಅತ್ತೆ. ಎಲ್ಲಿಟ್ಟರೋ ಗೊತ್ತಿಲ್ಲ. ಬಿದ್ದಾಗ ಹುಲ್ಲಲ್ಲಿ ಎಲ್ಲೋ ಹೋಯ್ತೋ ಏನೋ. ಜೇಬಲ್ಲಿ ಇರಲಿಲ್ಲ. ಗಾಜಿಂದು, ಇಷ್ಟುದ್ದ ಇರುತ್ತೆ, ಎರಡೂ ತುದಿಗೆ ತಗಡಿನ ಟೋಪಿ."

ಅತ್ತೆ ಅವಳು ತೋರಿಸಿದ ಬೆರಳ ಗೆಣ್ಣನ್ನು ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಗುಂಡಿಗಳನ್ನು ಬೆರಳಿನಿಂದ ಸರಿಸಿ, ತಳದಲ್ಲಿ ಹತ್ತಿಯಲ್ಲಿ ಸುತ್ತಿಟ್ಟಿದ್ದನ್ನು ಅವಳ ಅಂಗೈಗೆ ಹಾಕಿದರು.

ಗಾಜಿನ ನಳಿಗೆ. ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗಿನ ತಂತಿ ಕೂದಲೆಳೆಯಷ್ಟೂ ಕದಲದೆ ಹಾಗೇ ಇತ್ತು.

"ಕೈಗವುಸಿನ ಹೆಬ್ಬೆರಳಲ್ಲಿ ಸಿಕ್ತು" ಎಂದರು ಅತ್ತೆ. "ಒಗೆಯೋವಾಗ. ಆವತ್ತು ನಾನು ಹೆಣೆದ ಸ್ವೆಟರ್ ಹಾಕ್ಕೊಂಡು ಹೋಗಿದ್ದ. ಅದಕ್ಕೆ ಜೇಬು ಇಟ್ಟಿರಲಿಲ್ಲ ನಾನು, ಅಂಗಿ ಜೇಬು ಒಳಗೆ ಮುಚ್ಚಿಹೋಗಿತ್ತು. ಇದೇನು ಅಂತ ನನಗೇನು ಗೊತ್ತು ಮಗಳೇ? ನಿನಗೆ ತೋರಿಸಿದ್ರೆ ರಿಪೇರಿ ಕಸ ಅಂತ ಎಸೆದುಬಿಡ್ತೀಯೇನೋ ಅಂತ ಬಚ್ಚಿಟ್ಕೊಂಡೆ. ಕಡೇಗೆ ಅವನ ಕೈಲಿದ್ದದ್ದು ಇದೊಂದೇ ಅಲ್ವಾ. ಒಂದು ಮಾತು ಕೇಳಿದ್ರೆ ಕೊಟ್ಟುಬಿಡ್ತಿದ್ದೆ."

ಅವಳು ಕೇಳಿರಲಿಲ್ಲ. ಆ ಡಬ್ಬಿ ಎರಡು ವರ್ಷ ಅವಳ ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದ ಕಪಾಟಿನಲ್ಲಿತ್ತು. ಅವಳ ಅಂಗಿಯ ಗುಂಡಿಗಳನ್ನೂ ಅತ್ತೆ ಅದೇ ಡಬ್ಬಿಯಿಂದ ತೆಗೆದು ಹೊಲಿದಿದ್ದರು.

"ದಿನಾ ಬೈದೆ ಅತ್ತೆ ಅವರನ್ನ" ಎಂದಳು. "ಎರಡು ವರ್ಷ, ಒಂದು ದಿನ ತಪ್ಪದೆ."

"ಗೊತ್ತು. ಗೋಡೆ ಆಚೆಯಿಂದ ಕೇಳಿಸ್ತಿತ್ತು." ಅತ್ತೆ ಕಾಲುಚೀಲವನ್ನು ಪಕ್ಕಕ್ಕಿಟ್ಟು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. "ನನಗೆ ಅವನ ಜೊತೆ ಮಾತಾಡೋಕೆ ಬಾಯೇ ಬರ್ತಿರಲಿಲ್ಲ. ಈ ಮನೇಲಿ ಅವನನ್ನ ಮಾತಾಡ್ಸೋಳು ನೀನೊಬ್ಬಳಾದ್ರೂ ಇದೀಯಲ್ಲ ಅಂತ, ನೀನು ಬೈದು ಮುಗಿಸೋ ತನಕ ನಾನು ಮಲಗ್ತಿರಲಿಲ್ಲ."